ಬಸುರಿಯಾದ ಮೇಲೆ ಬಂದದ್ದು

ಕಡೂರು
19 ಜೂನ್ 2023

ಅಮ್ಮಾ,

ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ನನ್ನ ಎಲ್‌ಕೆಜಿ ಮಕ್ಕಳೆಲ್ಲ ಮನೆಗೆ ಹೋದವು. ಮೊನ್ನೆ ಫೋನಿನಲ್ಲಿ ನೀನು “ಔಷಧಿ ಸರಿಯಾಗಿ ತಗೊಳ್ತಿದ್ದೀಯೇನೇ?” ಎಂದು ಕೇಳಿಯೇಬಿಟ್ಟೆ. ನನ್ನ ಎದುರಿಗೇ ಅತ್ತೆ, ಇವರು, ಮೈದುನ ವಿಜಯ್ ಊಟಕ್ಕೆ ಕೂತಿದ್ದರು. “ಹೂಂ, ಕೆಮ್ಮು ವಾಸಿಯಾಯ್ತು” ಅಂದೆ. ನನಗೆ ಕೆಮ್ಮೇ ಬಂದಿರಲಿಲ್ಲವಲ್ಲ ಎಂದು ಇವರು ನನ್ನ ಮುಖ ನೋಡಿದರು.

ಇನ್ನು ಮೇಲೆ ಆ ಮಾತು ಫೋನಿನಲ್ಲಿ ಬೇಡ. ಕೊಬ್ಬರಿ ವ್ಯಾಪಾರದ ಮಾತು ಮರೆಯಬಾರದೆಂದು ವಿಜಯ್ ಮನೆಯ ಎಲ್ಲರ ಫೋನಿನಲ್ಲೂ ಕರೆ ರೆಕಾರ್ಡ್ ಆಗುವ ಹಾಗೆ ಮಾಡಿಟ್ಟಿದ್ದಾನೆ. ನನ್ನದರಲ್ಲೂ. ಕೆಟ್ಟ ಬುದ್ಧಿಯಿಂದಲ್ಲ, ಆದರೆ ಇದೆ. ನೀನು ಶಾಲೆಯ ವಿಳಾಸಕ್ಕೆ ಕಾಗದ ಬರೆ. ಇಲ್ಲಿ ಯಾರೂ ಒಡೆಯುವುದಿಲ್ಲ.

ಬೆಳಗಿನ ಇನ್ಸುಲಿನ್ ಬಾಟ್ಲಿಯನ್ನು ಶಾಲೆಯ ಆಫೀಸಿನ ಫ್ರಿಜ್ಜಿನಲ್ಲಿ ಇಟ್ಟಿದ್ದೇನೆ. ಹೆಡ್ ಮಿಸ್ ಪಂಕಜಾಕ್ಷಿಯವರಿಗೆ ಏನೋ ಹಾರ್ಮೋನಿನ ಔಷಧಿ ಎಂದಿದ್ದೇನೆ, ಅವರು ಹೆಚ್ಚು ಕೇಳಲಿಲ್ಲ. ರಾತ್ರಿಯದು ಮನೆಯಲ್ಲಿ, ಬೀರುವಿನೊಳಗೆ ಧಾರೆ ಸೀರೆಯ ಮಡಿಕೆಯಲ್ಲಿ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಚುಚ್ಚಿಕೊಳ್ಳುತ್ತೇನೆ.

ತಮಾಷೆ ಕೇಳು. ದಿನಾ ಊಟಕ್ಕೆ ಕೂತ ಕೂಡಲೇ ಅತ್ತೆ, “ಸ್ಫೂರ್ತೀ, ನನ್ನ ಶುಗರ್ ಮಾತ್ರೆ ತಗಂಬಾ” ಅನ್ನುತ್ತಾರೆ. ನಾನು ತಂದು ಅಂಗೈಗೆ ಹಾಕುತ್ತೇನೆ. ಬಂದವರ ಮುಂದೆಲ್ಲ “ಸೊಸೆ ಬಂದ್ಮೇಲೆ ಒಂದಿನಾನೂ ಮಾತ್ರೆ ತಪ್ಪಿಲ್ಲ ಕಣ್ರೀ” ಅಂತ ಹೇಳಿಕೊಳ್ಳುತ್ತಾರೆ. ನಿಮಗೆ ಮುಪ್ಪಿನಲ್ಲಿ ಬಂದದ್ದು ನನಗೆ ಹನ್ನೆರಡಕ್ಕೇ ಬಂತು ಅಂತ ಆಗಲೇ ಹೇಳಿಬಿಡೋಣ ಅನ್ನಿಸುತ್ತದೆ. ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ.

ಅವರು ಒಳ್ಳೆಯವರೇ ಅಮ್ಮ. ಹೇಳಿಬಿಡಲಾ?

ಸ್ಫೂರ್ತಿ


ಅಜ್ಜಂಪುರ
27 ಜೂನ್ 2023

ಚಿ. ಸೌ. ಸ್ಫೂರ್ತಿಗೆ,

ನಿನ್ನ ಕಾಗದ ಮುಟ್ಟಿತು. ಓದಿ ಒಲೆಗೆ ಹಾಕಿದೆ. ನೀನೂ ನನ್ನದನ್ನು ಹಾಗೇ ಮಾಡು.

ಹೇಳಬೇಡ. ಖಂಡಿತ ಬೇಡ. ಒಳ್ಳೆಯವರು ಅಂತ ನೀನು ಬರೆದಿದ್ದೀಯ. ಒಳ್ಳೆಯವರಿಗೆ ಮೋಸವಾಯಿತು ಅಂತ ಗೊತ್ತಾದರೆ ಕೆಟ್ಟವರಿಗಿಂತ ಹೆಚ್ಚು ಸಿಟ್ಟು ಬರುತ್ತದೆ. ನಾವೇನು ಮೊದಲಿಂದಲೂ ಮುಚ್ಚಿಟ್ಟೆವಾ? ನಿನ್ನನ್ನು ನೋಡಲು ಬಂದ ಎರಡು ಕಡೆಯವರಿಗೆ ಬಾಯಿ ಬಿಟ್ಟು ಹೇಳಿ ನೋಡಲಿಲ್ಲವಾ? ಒಬ್ಬರು ಕುಡಿಯುತ್ತಿದ್ದ ಕಾಫಿಯನ್ನು ಅರ್ಧಕ್ಕೇ ಇಟ್ಟು ಎದ್ದು ಹೋದರು. ಇನ್ನೊಬ್ಬರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಹೋದರು. ಆಮೇಲೆ ನಿಮ್ಮಪ್ಪ ಈರುಳ್ಳಿ ಮಂಡಿಗೆ ತಲೆ ತಗ್ಗಿಸಿಕೊಂಡು ಹೋಗಿ ಬಂದದ್ದು ನಿನಗೆ ಗೊತ್ತಿಲ್ಲ.

ನಿನಗೊಂದು ಮಗುವಾಗಲಿ. ಹೇಮಶ್ರೀಗೊಂದು ಕಂಕಣ ಕೂಡಿ ಬರಲಿ. ಅಕ್ಕನಿಗೆ ಇರುವುದು ತಂಗಿಗೂ ಇರುತ್ತೆ ಅಂತಲೇ ಜನ ಲೆಕ್ಕ ಹಾಕುವುದು. ಅದೆರಡು ಆದ ಮೇಲೆ ನಾನೇ ಬಂದು ಬೀಗಿತ್ತಿ ಸುಲೋಚನಮ್ಮನವರ ಕಾಲು ಹಿಡಿದಾದರೂ ಹೇಳುತ್ತೇನೆ. ಇದು ನನ್ನ ಮಾತು.

ಕಡೂರಿನ ಡಾಕ್ಟರಿಗೆ ತೋರಿಸಬೇಡ. ಔಷಧಿ ಅಂಗಡಿಯವರೆಲ್ಲ ನಿಮ್ಮ ಮನೆಯವರ ಗುರುತಿನವರು. ಅಮೃತಾಪುರದ ದೇವರಿಗೆ ಸೋಮವಾರದ ಹರಕೆ ಹೊತ್ತಿದ್ದೇನೆ ಅಂತ ಹೇಳಿ ಹೊರಡು. ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ನಾನು ಕಾದಿರುತ್ತೇನೆ. ಡಾಕ್ಟರಿಗೆ ತೋರಿಸಿಕೊಂಡು, ಬಾಟ್ಲಿ ಸೂಜಿ ಕೊಟ್ಟು, ಸಂಜೆಯೊಳಗೆ ಕಳಿಸುತ್ತೇನೆ.

ಹೊಟ್ಟೆ ತುಂಬ ತಿನ್ನು, ಆದರೆ ಅನ್ನ ಕಡಿಮೆ.

ನಿನ್ನ ತಾಯಿ
ಕಲ್ಲಮ್ಮ


ಕಡೂರು
20 ನವೆಂಬರ್ 2023

ಅಮ್ಮಾ,

ಹೇಮಾಳನ್ನು ನೋಡಲು ಬರುತ್ತಾರೆಂದು ನೀನು ಬರಲಿಲ್ಲವಲ್ಲ, ತರೀಕೆರೆಗೆ ಒಬ್ಬಳೇ ಹೋಗಿ ಬಂದೆ. ಹೊರಡುವಾಗ ಇವರು ಅಂಗಡಿ ಬಾಗಿಲು ಹಾಕಿ ಬಂದು, “ನಾನೂ ಬತ್ತೀನಿ ಇರು, ಅಮೃತಾಪುರ ನೋಡಿ ಯಾವ ಕಾಲ ಆಯ್ತೋ” ಅಂದರು. ಹೊಸ ಷರ್ಟು ಬೇರೆ ಹಾಕಿಕೊಂಡಿದ್ದರು. ಹೆಂಗಸರು ಮಾತ್ರ ಮಾಡುವ ಹರಕೆ ಎಂದು ಹೇಳಿ ನಿಲ್ಲಿಸಿದೆ. ಬಸ್ಸು ಬೀರೂರು ದಾಟುವವರೆಗೂ ಆ ಮುಖ ಕಣ್ಣ ಮುಂದೆ ಇತ್ತು.

ಡಾಕ್ಟರು ರಿಪೋರ್ಟು ನೋಡಿ ಬೈದರು. ಸಕ್ಕರೆಯ ಮೂರು ತಿಂಗಳ ಸರಾಸರಿ ಒಂಬತ್ತೂವರೆ ದಾಟಿದೆಯಂತೆ. “ನೋಡಮ್ಮ, ನಿನ್ನ ದೇಹ ಇನ್ಸುಲಿನ್ ಮಾಡೋದೇ ಇಲ್ಲ. ಅದು ಹೊರಗಿಂದಾನೇ ಹೋಗ್ಬೇಕು, ಹೊತ್ತಿಗೆ ಸರಿಯಾಗಿ ಹೋಗ್ಬೇಕು. ಮಾತ್ರೆ, ಪಥ್ಯ ಅಂತ ಅದನ್ನ ಬಿಟ್ರೆ ಮೂರ್ನಾಕು ದಿನಾನೂ ತಡೆಯಲ್ಲ” ಅಂದರು. ಸರಾಸರಿ ಏಳರೊಳಗೆ ಇಳಿಯದೆ ಮಗುವಿನ ಯೋಚನೆಯೇ ಬೇಡವಂತೆ. ಕಣ್ಣಿನ ಹಿಂಭಾಗದ ಪರೀಕ್ಷೆ ವರ್ಷಕ್ಕೊಮ್ಮೆ ಮಾಡಿಸಬೇಕಿತ್ತು, ಯಾಕೆ ಮಾಡಿಸಿಲ್ಲ ಎಂದರು. “ಮುಂದಿನ ಸಲ ನಿನ್ನ ಗಂಡನ್ನ ಕರ್ಕೊಂಡು ಬಾ” ಅಂದರು. ಊರಿನಲ್ಲಿಲ್ಲ ಎಂದೆ.

ಇನ್ನೊಂದು ನಡೆಯಿತು. ಮೊನ್ನೆ ಸಂಜೆ ಮನೆಗೆ ನೆಂಟರು ಬಂದಿದ್ದರು. ಕಾಫಿ ಕೊಡುತ್ತ ಕೊಡುತ್ತ ಕೈ ನಡುಗಿತು, ಬೆನ್ನೆಲ್ಲ ಬೆವರಿತು, ಎದುರಿಗಿದ್ದವರ ಮಾತು ದೂರದಿಂದ ಬಂದ ಹಾಗಾಯಿತು. ಮಧ್ಯಾಹ್ನ ಊಟ ತಡವಾಗಿತ್ತು, ಸಕ್ಕರೆ ತೀರ ಇಳಿದಿತ್ತು. ಅಡಿಗೆಮನೆಗೆ ಓಡಿ ಡಬ್ಬಕ್ಕೆ ಕೈ ಹಾಕಿ ಸಕ್ಕರೆ ಮುಕ್ಕುತ್ತಿದ್ದೆ. ಅತ್ತೆ ಬಂದುಬಿಟ್ಟರು. “ಅಯ್ಯ, ಚಿಕ್ಕ ಮಕ್ಕಳ ಥರ ಸಕ್ಕರೆ ಕದ್ದು ತಿಂತೀಯಲ್ಲೇ!” ಎಂದು ನಕ್ಕು, ಹೋಗಿ ನೆಂಟರಿಗೂ ಹೇಳಿದರು. ಈಗ ದಿನಾ ಸಂಜೆ ನನಗೆಂದೇ ಕೊಬ್ಬರಿ ಮಿಠಾಯಿ ಎತ್ತಿಟ್ಟಿರುತ್ತಾರೆ. ಎದುರಿಗೆ ಕೂತು ತಿನ್ನಿಸುತ್ತಾರೆ. ಅದನ್ನು ತಿಂದು ಬಚ್ಚಲಿಗೆ ಹೋಗಿ ಅಂದಾಜಿನ ಮೇಲೆ ಸಿರಿಂಜಿನ ಎರಡು ಗೆರೆ ಹೆಚ್ಚಿಗೆ ಚುಚ್ಚಿಕೊಳ್ಳುತ್ತೇನೆ.

ನನಗೆ ಸುಸ್ತಾಗಿದೆ ಅಮ್ಮ. ಕಾಯಿಲೆಯಿಂದಲ್ಲ.

ಸ್ಫೂರ್ತಿ


ಅಜ್ಜಂಪುರ
4 ಡಿಸೆಂಬರ್ 2023

ಚಿ. ಸೌ. ಸ್ಫೂರ್ತಿಗೆ,

ಕೊಬ್ಬರಿ ಮಿಠಾಯಿಯ ಸಂಗತಿ ಓದಿ ಕಣ್ಣಲ್ಲಿ ನೀರು ಬಂತು. ಯಾವ ಅತ್ತೆ ಸೊಸೆಗೆ ಅಂತ ಎತ್ತಿಡುತ್ತಾಳೆ? ನಿನ್ನ ಹಣೆಬರಹ ಚೆನ್ನಾಗಿದೆ. ಅದನ್ನು ಕೆಡಿಸಿಕೊಳ್ಳಬೇಡ.

ಡಾಕ್ಟರುಗಳು ಹೆದರಿಸುವುದೇ ಹಾಗೆ. ನಿನಗೆ ಹನ್ನೆರಡು ವರ್ಷವಿದ್ದಾಗ ಶಿವಮೊಗ್ಗದಲ್ಲಿ ಏನೇನೋ ಹೇಳಿದ್ದರು. ನೀನು ಓದಿದೆ, ಕೆಲಸಕ್ಕೆ ಸೇರಿದೆ, ಮದುವೆಯಾದೆ. ಮಗುವನ್ನು ಮುಂದಕ್ಕೆ ಹಾಕುವ ಮಾತು ಬೇಡ. ಬೀಗಿತ್ತಿ ಮೊನ್ನೆ ಫೋನಿನಲ್ಲಿ “ಏನಾದ್ರೂ ವಿಶೇಷ ಇದೆಯಾ ಅಂತ ನಿಮಗಾದ್ರೂ ಹೇಳಿದ್ದಾಳಾ?” ಎಂದು ಕೇಳಿದರು. ನಾನು ಏನು ಹೇಳಲಿ?

ಸುಸ್ತು ಅಂದೆಯಲ್ಲ, ಶಾಲೆ, ಮನೆ ಎರಡೂ ಅಂದರೆ ಸುಸ್ತಾಗದೆ ಇರುತ್ತದಾ? ರಾಗಿ ಅಂಬಲಿ ಕುಡಿ.

ಹೇಮಾಳನ್ನು ನೋಡಿ ಹೋದವರು ಬಣ್ಣ ಕಡಿಮೆ ಅಂದರಂತೆ. ಬೇರೆ ಕಡೆ ನೋಡುತ್ತಿದ್ದೇವೆ.

ನಿನ್ನ ತಾಯಿ


ಕಡೂರು
4 ಮಾರ್ಚ್ 2024

ಅಮ್ಮಾ,

ಎರಡು ತಿಂಗಳಿಂದ ಹೊರಗಾಗಿಲ್ಲ. ಮೊನ್ನೆ ಶಾಲೆಯಲ್ಲೇ ಪರೀಕ್ಷೆ ಮಾಡಿಕೊಂಡೆ. ನಿಜ.

ಇವರಿಗೆ ಹೇಳಿದೆ. ಕೊಬ್ಬರಿ ಮೂಟೆಯ ಮೇಲೆ ಕೂತಿದ್ದವರು ಎದ್ದು ನಿಂತು, ಮತ್ತೆ ಕೂತು, “ಅವ್ವಂಗೆ ನಾನೇ ಹೇಳ್ಲಾ, ನೀನೇ ಹೇಳ್ತೀಯಾ?” ಎಂದರು. ಅಷ್ಟು ಸಂತೋಷದ ಮುಖವನ್ನು ನಾನು ಈ ಮನೆಯಲ್ಲಿ ನೋಡಿರಲಿಲ್ಲ. ಎಲ್ಲ ಹೇಳಿಬಿಡಲು ಅದೇ ಹೊತ್ತಾಗಿತ್ತು. ಆ ಮುಖವನ್ನು ಕೆಡಿಸಲು ನನ್ನಿಂದ ಆಗಲಿಲ್ಲ.

ಭಯವಾಗುತ್ತಿದೆ. ಅತ್ತೆ ವಾರದೊಳಗೆ ಇಲ್ಲಿಯ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ರಕ್ತ ನೋಡುತ್ತಾರೆ. ನೋಡಿದ ಕೂಡಲೇ ಗೊತ್ತಾಗುತ್ತದೆ. ಬಿಸಿಲು ಬೇರೆ ಆಗಲೇ ಏರಿದೆ. ಸೀರೆಯ ನಡುವಿನ ಬಾಟ್ಲಿ ಕೈಗೆ ಬೆಚ್ಚಗೆ ತಾಗುತ್ತದೆ. ಏನು ಮಾಡಲಿ, ಬೇಗ ಬರೆ.

ಸ್ಫೂರ್ತಿ


ಅಜ್ಜಂಪುರ
7 ಮಾರ್ಚ್ 2024

ನನ್ನ ಬಂಗಾರಿ,

ನಿಮ್ಮಪ್ಪ ಕಾಗದ ಓದಿ ದೇವರ ಕೋಣೆಗೆ ಹೋದವರು ಅರ್ಧ ಗಂಟೆ ಹೊರಗೆ ಬರಲಿಲ್ಲ.

ಹೆದರಬೇಡ. ದಾರಿ ತಾನಾಗಿಯೇ ತೆರೆದಿದೆ, ನಿನಗೆ ಕಾಣುತ್ತಿಲ್ಲ ಅಷ್ಟೇ. ಬಸುರಿನಲ್ಲಿ ಎಷ್ಟೋ ಜನಕ್ಕೆ ಶುಗರ್ ಬರುತ್ತದೆ, ಹೆರಿಗೆಯಾದ ಮೇಲೆ ಹೋಗುತ್ತದೆ. ಪಕ್ಕದ ಬೀದಿಯ ಸುಮನಾಳಿಗೂ ಬಂದಿತ್ತು. ನಿನಗೂ ಈಗಲೇ ಬಂತು ಅನ್ನು. ಇಷ್ಟು ದಿನ ಕದ್ದು ಚುಚ್ಚಿಕೊಂಡದ್ದನ್ನು ಇನ್ನು ಎಲ್ಲರ ಎದುರಿಗೇ ಚುಚ್ಚಿಕೊಳ್ಳಬಹುದು. ಯಾರೂ ತಪ್ಪು ತಿಳಿಯುವುದಿಲ್ಲ. ಮಗುವಾದ ಮೇಲೆ “ಹೋಗಲಿಲ್ಲ, ಉಳಿದುಕೊಂಡುಬಿಟ್ಟಿತು” ಅಂದರಾಯಿತು. ಅವರ ಮನೆಯ ಮಗು ಹೊತ್ತು ಬಂದ ಕಾಯಿಲೆಯಾಗುತ್ತದೆ.

ಡಾಕ್ಟರು ಕೇಳಿದರೆ ಮೊದಲು ಇರಲಿಲ್ಲ ಅನ್ನು. ಗಟ್ಟಿಯಾಗಿ ಅನ್ನು.

ನಿನ್ನ ಅಮ್ಮ


ಕಡೂರು
8 ಏಪ್ರಿಲ್ 2024

ಅಮ್ಮಾ,

ನೀನು ಹೇಳಿದ ಹಾಗೇ ಮಾಡಿದೆ. ಆದರೆ ಸಂಖ್ಯೆ ತೀರ ಹೆಚ್ಚು ಬಂದರೆ ಡಾಕ್ಟರಿಗೆ ಅನುಮಾನ ಬರಬಹುದೆಂದು, ರಕ್ತ ಕೊಡುವ ಮೊದಲು ನಾನೇ ಸ್ವಲ್ಪ ಹೆಚ್ಚಿಗೆ ಚುಚ್ಚಿಕೊಂಡು ಹೋದೆ. ಅದೇ ಎಡವಟ್ಟಾಯಿತು. ಸಂಖ್ಯೆ ಅಷ್ಟೇನೂ ಬರಲಿಲ್ಲ. ಡಾಕ್ಟರು ನಗುತ್ತ, “ಸ್ವಲ್ಪ ಇದೆ, ಮೊದ್ಲು ಇತ್ತಾ?” ಅಂದರು. ಇಲ್ಲ ಎಂದೆ. “ಮನೇಲಿ ಯಾರಿಗಾದ್ರೂ?” ಅಂದರು. ಅತ್ತೆಯೇ, “ನನಗಿದೆ ಡಾಕ್ಟ್ರೇ, ನನ್ನಿಂದ ಇವಳಿಗೆ ಬರಾಕಾಗಲ್ವಲ್ಲ” ಎಂದು ಹೇಳಿ ಎಲ್ಲರನ್ನೂ ನಗಿಸಿದರು. ಇಂಜೆಕ್ಷನ್ ಈಗಲೇ ಬೇಡ, ಪಥ್ಯ ಮಾಡಿ, ಈ ಮಾತ್ರೆ ತಗೊಳ್ಳಿ, ಮುಂದಿನ ತಿಂಗಳು ನೋಡೋಣ ಎಂದು ಬರೆದುಕೊಟ್ಟರು. ಹಾಗಾಗಿ ಬಾಟ್ಲಿ ಇನ್ನೂ ಸೀರೆಯೊಳಗೇ ಇದೆ.

ಅತ್ತೆ ನನಗೂ ತಮಗೂ ಒಂದೇ ಅಡಿಗೆ ಮಾಡುತ್ತಿದ್ದಾರೆ. ಮಾತ್ರೆ ಡಬ್ಬವೂ ಒಂದೇ ಆಗಿದೆ. “ನಾವಿಬ್ರೂ ಜೊತೆಗಾರ್ತೀರು” ಅನ್ನುತ್ತಾರೆ. ಅವರು ಹಾಗೆ ಅಂದಾಗ ನನಗೆ ಎಷ್ಟು ಹಿತವಾಗುತ್ತದೆ ಗೊತ್ತಾ? ಸುಳ್ಳಿನ ಮೇಲೆ ಬಂದ ಹಿತ. ಆದರೂ ಹಿತವೇ.

ನಾಡಿದ್ದಿನಿಂದ ಶಾಲೆಗೆ ಬೇಸಿಗೆ ರಜೆ. ಫ್ರಿಜ್ಜಿನಲ್ಲಿದ್ದ ಬಾಟ್ಲಿಯನ್ನೂ ಇವತ್ತು ಮನೆಗೆ ಒಯ್ಯುತ್ತೇನೆ. ಇಡೀ ದಿನ ಮನೆಯಲ್ಲೇ ಇರಬೇಕು, ಅತ್ತೆ ಒಂದು ಗಳಿಗೆಯೂ ಒಬ್ಬಳನ್ನೇ ಬಿಡುವುದಿಲ್ಲ. ಅಡ್ಮಿಷನ್ನಿಗಾಗಿ ಆಫೀಸು ತೆರೆದಿರುತ್ತದೆ, ನೀನು ಇಲ್ಲಿಗೇ ಬರೆ. ಹೇಗಾದರೂ ಬಂದು ತೆಗೆದುಕೊಳ್ಳುತ್ತೇನೆ. ಈ ತಿಂಗಳ ಕೊನೆಯ ಸೋಮವಾರ ಹರಕೆಗೆ ಅತ್ತೆಯೂ ಜೊತೆಗೆ ಬರುತ್ತಾರಂತೆ. ನೀನು ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಅಕಸ್ಮಾತ್ ಸಿಕ್ಕವಳ ಹಾಗೆ ಸಿಗು. ಹೊಸ ಬಾಟ್ಲಿಗಳನ್ನು ಕುಂಕುಮದ ಪೊಟ್ಟಣದ ಜೊತೆ ನನ್ನ ಚೀಲಕ್ಕೆ ಹಾಕು.

ಮರೆಯಬೇಡ ಅಮ್ಮ.

ಸ್ಫೂರ್ತಿ


ಅಜ್ಜಂಪುರ
24 ಏಪ್ರಿಲ್ 2024

ಚಿ. ಸೌ. ಸ್ಫೂರ್ತಿಗೆ,

ಒಳ್ಳೆಯ ಸುದ್ದಿ. ಹೇಮಾಳಿಗೆ ಹೊಸದುರ್ಗದ ಕಡೆಯ ಗಂಡು ಒಪ್ಪಿಗೆಯಾಗಿದೆ. ಹಾರ್ಡ್‌ವೇರ್ ಅಂಗಡಿ, ಮಠಕ್ಕೆ ನಡೆದುಕೊಳ್ಳುವ ಮನೆತನ. ಹುಡುಗನ ತಾಯಿ ನಿನ್ನ ವಿಷಯವನ್ನೂ ಕೇಳಿದರು. ಕಡೂರಿನಲ್ಲಿ ಒಳ್ಳೆಯ ಮನೆಗೆ ಕೊಟ್ಟಿದ್ದೇವೆ, ಈಗ ಬಸುರಿ ಅಂತ ಎದೆ ತಟ್ಟಿ ಹೇಳಿದೆ.

ಅವರು ಈ ಸೋಮವಾರವೇ ಮನೆ ನೋಡಲು ಬರುತ್ತಾರೆ. ಹಾಗಾಗಿ ತರೀಕೆರೆಗೆ ಬರಲು ಆಗುವುದಿಲ್ಲ. ನೀನು ಅವತ್ತು ಹೊರಡಬೇಡ, ಅದರ ಮುಂದಿನ ವಾರ ಹೋಗೋಣ. ಇರುವುದರಲ್ಲೇ ಸರಿದೂಗಿಸಿಕೊ. ಹೇಗೂ ಡಾಕ್ಟರು ಮಾತ್ರೆ ಕೊಟ್ಟಿದ್ದಾರಲ್ಲ, ಅದೂ ಸ್ವಲ್ಪ ಕೆಲಸ ಮಾಡುತ್ತದೆ.

ನಿನ್ನ ತಾಯಿ


ಅಜ್ಜಂಪುರ
13 ಮೇ 2024

ಚಿ. ಸೌ. ಸ್ಫೂರ್ತಿಗೆ,

ಒಂದು ತಿಂಗಳಿಂದ ನಿನ್ನ ಕಾಗದವಿಲ್ಲ. ಇರಲಿ, ಫೋನಿನಲ್ಲಿ ದನಿ ಕೇಳಿದೆನಲ್ಲ, ಅಷ್ಟು ಸಾಕು. ದನಿ ಸ್ವಲ್ಪ ಬತ್ತಿದ ಹಾಗಿತ್ತು. ಬೀಗಿತ್ತಿ “ವಾಂತಿ ಜಾಸ್ತಿ, ನೀರು ಕುಡಿದಷ್ಟೂ ಬಾಯಾರಿಕೆ ಅಂತಾಳೆ” ಎಂದರು. ನನಗೂ ನಿನ್ನನ್ನು ಹೊತ್ತಾಗ ಐದು ತಿಂಗಳವರೆಗೆ ಹಾಗೇ ಇತ್ತು. ಹಾಗೆ ಕಾಡಿದ ಮಗು ಗಟ್ಟಿಯಾಗಿ ಹುಟ್ಟುತ್ತದೆ.

ಮುಂದಿನ ವಾರ ಅಂದದ್ದೂ ಆಗಲಿಲ್ಲ, ಬೇಸರಿಸಬೇಡ. ಹೇಮಾಳ ನಿಶ್ಚಿತಾರ್ಥ ಇದೇ ಶುಕ್ರವಾರ. ನೀನು ಬರುವುದು ಬೇಡ, ಬಸ್ಸಿನ ಕುಲುಕಾಟ ಒಳ್ಳೆಯದಲ್ಲ. ಅದು ಮುಗಿದ ಮಾರನೆಯ ದಿನವೇ ನಾನು ಕಡೂರಿಗೆ ಬರುತ್ತೇನೆ, ಬಾಟ್ಲಿ ತರುತ್ತೇನೆ. ಇನ್ನೇನು, ದಡ ಸೇರಿದ ಹಾಗೆಯೇ.

ನಿನ್ನ ತಾಯಿ


ಕಡೂರು
24 ಜೂನ್ 2024

ಅಮ್ಮಾ,

ಇವತ್ತು ಶಾಲೆಗೆ ಬಂದೆ. ಪಂಕಜಾಕ್ಷಿ ಮಿಸ್ ನಿನ್ನ ಎರಡು ಕಾಗದಗಳನ್ನು ಕೊಟ್ಟರು. ರಜೆಯಲ್ಲಿ ಬಂದವಂತೆ. ಮಕ್ಕಳ ಬೆಂಚಿನ ಮೇಲೆ ಕೂತು ಓದಿದೆ.

“ಸೋಮವಾರ ಹೊರಡಬೇಡ” ಎಂದು ಬರೆದಿದ್ದೀಯ. ಆ ಸೋಮವಾರ ನಾನು ತರೀಕೆರೆಗೆ ಹೋಗಿದ್ದೆ. ಅತ್ತೆ ಜೊತೆಗಿದ್ದರು. ಅಜ್ಜಂಪುರದಿಂದ ಬರುವ ಒಂದೊಂದು ಬಸ್ಸನ್ನೂ ನೋಡುತ್ತ, ಇಳಿಯುವವರ ಮುಖಗಳನ್ನು ಹುಡುಕುತ್ತ ಕೂತಿದ್ದೆ. “ಯಾರಿಗ್ ಕಾಯ್ತಿದ್ದೀಯೇ?” ಎಂದು ಅತ್ತೆ ಕೇಳಿದರು. ಯಾರಿಗೂ ಇಲ್ಲ, ತಲೆ ಸುತ್ತುತ್ತಿದೆ ಎಂದೆ. ಎಳನೀರು ಕೊಡಿಸಿದರು. ಒಂದು ಸಾಲದೆ ಇನ್ನೊಂದು ಕುಡಿದೆ. ಆಗಲೇ ಅಂಥ ಬಾಯಾರಿಕೆ. ಔಷಧಿ ಅಂಗಡಿ ರಸ್ತೆಯ ಆಚೆಗಿತ್ತು. ಅವರ ಕೈ ನನ್ನ ಕೈಯಲ್ಲಿತ್ತು.

ಮನೆಯಲ್ಲಿದ್ದ ಎರಡು ಬಾಟ್ಲಿಯೂ ಕೆಟ್ಟಿತ್ತು ಅಮ್ಮ. ತಳದಲ್ಲಿ ಒಡೆದ ಹಾಲಿನ ಹಾಗೆ ಗಟ್ಟಿಯಾಗಿ ಕೂತಿತ್ತು, ಉರುಳಿಸಿದರೂ ಬೆರೆಯಲಿಲ್ಲ. ನಮ್ಮ ಕೋಣೆ ಮೇಲಿನದು, ಆ ಬಿಸಿಲಿಗೆ ಬೀರುವೇ ಒಲೆಯಾಗಿತ್ತು. ಗೊತ್ತಿದ್ದೂ ಅದನ್ನೇ ಚುಚ್ಚಿಕೊಂಡೆ. ಮೆಟ್ಟಿಲು ಇಳಿದರೆ ಅಡಿಗೆಮನೆ, ಅಲ್ಲಿ ಫ್ರಿಜ್ಜು, ಅದರೊಳಗೆ ಸೊಪ್ಪು, ಹೂವು, ಮೊಸರು ತಣ್ಣಗೆ ಕೂತಿದ್ದವು.

ವಾಂತಿ ಶುರುವಾದಾಗ ಎಲ್ಲರೂ ಬಸುರಿಯ ವಾಂತಿ ಅಂದರು. ಅಲ್ಲ ಎಂದು ನನಗೊಬ್ಬಳಿಗೇ ಗೊತ್ತಿತ್ತು. ಒಂದು ಬೆಳಿಗ್ಗೆ ಹೇಳಲೆಂದೇ ಅತ್ತೆಯ ಪಕ್ಕ ಹೋಗಿ ಕೂತೆ. “ಅತ್ತೆ, ಒಂದ್ ಮಾತು” ಅಂದೆ. ಆಗಲೇ ನಿನ್ನ ಫೋನು ಬಂತು. ಹೇಮಾಳ ನಿಶ್ಚಿತಾರ್ಥ ಎಂದು ನೀನು ಹೇಳಿದೆ. “ಎಲ್ಲಾ ನಿನ್ ಕೈಲಿದೆ ಮಗಳೇ” ಎಂದೆ. ಸ್ಪೀಕರಿನಲ್ಲಿ ಅತ್ತೆಯೂ ಕೇಳಿಸಿಕೊಂಡರು. ಫೋನಿಟ್ಟ ಮೇಲೆ, “ನೋಡು, ದೊಡ್ಮಗಳು ಅಂದ್ರೆ ನಿಮ್ಮಮ್ಮಂಗೆ ಎಷ್ಟು ಭರವಸೆ” ಅಂದರು. “ಏನೋ ಹೇಳ್ಬೇಕು ಅಂದ್ಯಲ್ಲ?” ಎಂದೂ ಕೇಳಿದರು. ಏನಿಲ್ಲ ಅಂದೆ.

ಆಮೇಲಿನದು ತುಂಡು ತುಂಡಾಗಿ ನೆನಪಿದೆ. ಉಸಿರು ಓಡಿ ಬಂದವಳ ಹಾಗೆ ಆಳಕ್ಕೆ ಹೋಗುತ್ತಿತ್ತು. ಅತ್ತೆ “ಬಾಯಿಂದ ಕೊಳೆತ ಹಣ್ಣಿನ ವಾಸನೆ ಬತ್ತೈತೆ ಕಣೋ ಪ್ರಸನ್ನ” ಎಂದು ಕೂಗಿದ್ದು. ಇವರು ನನ್ನನ್ನು ಎತ್ತಿಕೊಂಡು ಕಾರಿಗೆ ಹಾಕಿದ್ದು. ತರೀಕೆರೆ ದಾಟುವಾಗ ಬಸ್ ಸ್ಟ್ಯಾಂಡಿನ ಗದ್ದಲ.

ಶಿವಮೊಗ್ಗದ ಆಸ್ಪತ್ರೆಗೆ ನೀನು ಬಂದೆ. ನಾನು ಕಣ್ಣು ಮುಚ್ಚಿದ್ದೆ, ಕಿವಿ ಕೇಳುತ್ತಿತ್ತು. ಡಾಕ್ಟರು ಅವಸರದಲ್ಲಿ, “ಇವರಿಗೆ ಶುಗರ್ ಎಷ್ಟು ವರ್ಷದಿಂದ ಇದೆ? ಇನ್ಸುಲಿನ್ ಮೇಲೆ ಇದ್ರಾ? ಸರಿಯಾಗಿ ಹೇಳಿ, ಟೈಮಿಲ್ಲ” ಎಂದು ಕೇಳಿದರು. ನೀನು, “ಇಲ್ಲ ಸಾರ್, ಬಸುರಿ ಆದ್ಮೇಲೆ ಬಂದಿದ್ದು” ಎಂದೆ.

ಅಮ್ಮ, ಆಗಲೂ.

ಡ್ರಿಪ್ಪು ಹಾಕಲು ಬಂದ ನರ್ಸಿನ ಕೈ ಹಿಡಿದು ನಾನೇ ಹೇಳಿದೆ, “ಹನ್ನೆರಡನೇ ವರ್ಷದಿಂದ” ಎಂದು. ಅವಳಿಗೆ ಕೇಳಲಿಲ್ಲ. ಇನ್ನೂ ಗಟ್ಟಿಯಾಗಿ ಹೇಳಿದೆ. ಆಗ ಇವರಿಗೆ ಕೇಳಿಸಿತು. ಇವರು ಗೋಡೆಯ ಪಕ್ಕ ನಿಂತಿದ್ದರು.

ನಾನು ಉಳಿದೆ. ಮಗು ಉಳಿಯಲಿಲ್ಲ. ಗಂಡೋ ಹೆಣ್ಣೋ ಎಂದು ಕೇಳಿದರೆ ಯಾರೂ ಹೇಳುತ್ತಿಲ್ಲ. ನೀನಾದರೂ ಹೇಳು.

ಒಂದು ತಿಂಗಳು ನಮ್ಮ ಮನೆಗೆ ಬಂದು ಇರಲೇ? ಇಲ್ಲಿ ಯಾರೂ ಬೈಯುವುದಿಲ್ಲ. ಅದೇ ತಡೆಯಲಾಗುತ್ತಿಲ್ಲ.

ಸ್ಫೂರ್ತಿ


ಅಜ್ಜಂಪುರ
8 ಜುಲೈ 2024

ಸ್ಫೂರ್ತಿಗೆ,

ಎಲ್ಲ ತಪ್ಪನ್ನೂ ನನ್ನ ತಲೆಗೆ ಕಟ್ಟಿ ಬರೆದಿದ್ದೀಯ. ಕಟ್ಟು. ಆದರೆ ಒಂದು ಕೇಳು. ಡಾಕ್ಟರು ಆ ಪ್ರಶ್ನೆ ಕೇಳಿದಾಗ ನನ್ನ ಬೆನ್ನ ಹಿಂದೆ ಯಾರಿದ್ದರು ಗೊತ್ತಾ? ಹೊಸದುರ್ಗದ ಬೀಗಿತ್ತಿ. ನಿನಗೆ ಹುಷಾರಿಲ್ಲವೆಂದು ತಿಳಿದು, ನಿಶ್ಚಿತಾರ್ಥದ ಮನೆಯಿಂದ ನನ್ನ ಜೊತೆಗೇ ಕಾರು ಹತ್ತಿ ಬಂದಿದ್ದರು. ಒಂದು ಕಡೆ ಒಬ್ಬ ಮಗಳು ಮಲಗಿದ್ದಾಳೆ, ಇನ್ನೊಂದು ಕಡೆ ಇನ್ನೊಬ್ಬಳ ಬಾಳು ನಿಂತಿದೆ. ಬಾಯಿಗೆ ಬಂದದ್ದು ಬಂತು. ವರ್ಷಗಟ್ಟಲೆ ಹೇಳಿ ಹೇಳಿ ಅದೇ ಬಾಯಿಗೆ ಕೂತಿತ್ತು.

ನಿನಗೆ ಮೊದಲ ಸೂಜಿ ಚುಚ್ಚಬೇಕಾದಾಗ ನೀನು ಕಿರುಚಿಕೊಂಡು ಹಿತ್ತಲಿಗೆ ಓಡಿದ್ದೆ. ನಾನು ಸಿರಿಂಜಿಗೆ ಬರೀ ನೀರು ತುಂಬಿಕೊಂಡು, ನಿನ್ನೆದುರು ನನ್ನ ತೋಳಿಗೇ ಚುಚ್ಚಿಕೊಂಡು, “ನೋಡೇ, ಏನೂ ಆಗಲ್ಲ” ಎಂದು ನಕ್ಕು ತೋರಿಸಿದೆ. ಅವಳೇ ನಾನು. ನಿನ್ನನ್ನು ಕೊಲ್ಲಲು ಹೊರಟವಳಲ್ಲ.

ಹೊಸದುರ್ಗದವರು ಆಮೇಲೆ ಬಂದು, ಇದು ರಕ್ತದಲ್ಲಿ ಹರಿಯುತ್ತದಾ, ಹೇಮಾಳಿಗೂ ಇದೆಯಾ ಎಂದು ಕೇಳಿದರು. ಅವಳ ರಕ್ತ ಪರೀಕ್ಷೆ ಮಾಡಿಸಿ ಕಾಗದ ತೋರಿಸಿದೆವು. ಏನೂ ಇಲ್ಲ. “ಕಾಗದ ಏನು ಬೇಕಾದರೂ ಮಾಡಿಸಬಹುದು, ನೀವು ಹೇಳಿದ್ದನ್ನೇ ನಂಬಿದ್ವಿ” ಎಂದು ಎದ್ದು ಹೋದರು. ಹೇಮಾ ಊಟ ಬಿಟ್ಟಿದ್ದಾಳೆ. ನೀನು ಇನ್ನೆರಡು ತಿಂಗಳು ತಡೆದಿದ್ದರೆ.

ಈಗ ಬರಬೇಡ. ಇನ್ನೊಂದು ಕಡೆಯವರು ಕೇಳುತ್ತಿದ್ದಾರೆ. ನೀನು ಇಲ್ಲಿ ಬಂದು ಕೂತರೆ ಊರಿಗೆಲ್ಲ ಮತ್ತೆ ಮಾತಾಗುತ್ತದೆ. ಗಂಡನ ಮನೆಯಲ್ಲಿ ಇದ್ದೀಯ ಅನ್ನುವುದೊಂದಾದರೂ ಉಳಿಯಲಿ.

ಮಗು ಏನೆಂದು ನನಗೂ ಹೇಳಲಿಲ್ಲ, ನಾನು ನೋಡಲೂ ಇಲ್ಲ. ಮರೆತುಬಿಡು.

ಕಲ್ಲಮ್ಮ


ಕಡೂರು
19 ಆಗಸ್ಟ್ 2024

ಅಮ್ಮಾ,

ನಿನ್ನ ಕಾಗದಕ್ಕೆ ಉತ್ತರ ಬರೆಯಬಾರದು ಎಂದುಕೊಂಡಿದ್ದೆ.

ಕಳೆದ ವಾರ ಇವರು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿದ್ದರು. ನನ್ನ ಎಡಗಣ್ಣ ಮುಂದೆ ಕರಿ ಎಳೆಗಳು ತೇಲಾಡುತ್ತಿವೆ. ಒಳಗೆ ರಕ್ತ ಜಿನುಗಿದೆಯಂತೆ, ಲೇಸರ್ ಮಾಡಿದರು. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳೋಣ ಎಂದರು. ಮೂತ್ರದಲ್ಲೂ ಪ್ರೋಟೀನು ಹೋಗುತ್ತಿದೆ. ಕಿಡ್ನಿಗೆ ತಾಗಲು ಶುರುವಾಗಿದೆ. ಮತ್ತೊಂದು ಮಗುವಿನ ಮಾತನ್ನು ಸದ್ಯಕ್ಕೆ ಎತ್ತಲೇಬೇಡಿ ಎಂದರು. ಇವರು ಎಲ್ಲವನ್ನೂ ಕೇಳಿಸಿಕೊಂಡು, ಎಷ್ಟು ದಿನಕ್ಕೊಮ್ಮೆ ಬರಬೇಕು ಎಂದಷ್ಟೇ ಕೇಳಿದರು.

ಬರುವಾಗ ಬಸ್ಸಿನಲ್ಲಿ ನಾನೇ ಮಾತೆತ್ತಿದೆ. ಬೈದುಬಿಡಿ ಎಂದೆ. ಇವರು ಕಿಟಕಿಯಾಚೆ ನೋಡುತ್ತಲೇ, “ಬೈಯಾಕೆ ಏನೈತೆ? ಔಷಧಿಗೆ, ಡಾಕ್ಟ್ರಿಗೆ ನಾನಿದ್ದೀನಿ. ಆದ್ರೆ ನೀನು ‘ಊಟ ಆಯ್ತು’ ಅಂದ್ರೂ, ನಿಜ್ವೋ ಸುಳ್ಳೋ ಅಂತ ಯೋಚ್ನೆ ಬತ್ತೈತೆ. ಅದಕ್ಕೇನು ಮಾಡ್ಲಿ ನಾನು? ಅದಕ್ಕೆ ಔಷಧಿ ಐತಾ?” ಎಂದರು. ಇವರು ಈಗ ಅಂಗಡಿಯ ಮೇಲಿನ ಕೋಣೆಯಲ್ಲಿ ಮಲಗುತ್ತಾರೆ.

ನನ್ನ ಇನ್ಸುಲಿನ್ ಈಗ ಅಡಿಗೆಮನೆಯ ಫ್ರಿಜ್ಜಿನ ಬಾಗಿಲಲ್ಲಿ ಇದೆ. ಮೊದಲ ದಿನ ಇಡುವಾಗ ಅತ್ತೆ ಮೊಸರಿನ ಪಾತ್ರೆಯನ್ನು ಸರಿಸಿ ಜಾಗ ಮಾಡಿಕೊಟ್ಟರು. ಅಷ್ಟೇ. ತಮ್ಮ ಮಾತ್ರೆಯನ್ನು ಈಗ ತಾವೇ ಎದ್ದು ತೆಗೆದುಕೊಳ್ಳುತ್ತಾರೆ. ನಾನು ಒಂದು ದಿನ ತಡೆಯಲಾಗದೆ, “ಮೊದಲೇ ಹೇಳಿದ್ರೆ ಏನ್ಮಾಡ್ತಿದ್ರಿ ಅತ್ತೆ?” ಎಂದು ಕೇಳಿದೆ. ಅವರು ಸುಳ್ಳು ಹೇಳುವವರಲ್ಲ. “ಮದ್ವೆಗೆ ಮುಂಚೆ ಹೇಳಿದ್ರೆ ಈ ಸಂಬಂಧ ಬೇಡ ಅಂತಿದ್ದೆ ಕಣೇ. ಯಾಕೆ ಸುಳ್ಳು ಹೇಳ್ಲಿ? ಆದ್ರೆ ಬಂದ್ಮೇಲೆ ಹೇಳಿದ್ರೆ ನೋಡ್ಕೊತಿದ್ದೆ. ಮಗಾನೂ ಇರ್ತಿತ್ತು” ಎಂದರು. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ಎರಡೂ ನಿಜವೇ ಇರಬೇಕು. ನೀನು ಹೆದರಿದ್ದೂ ಸುಳ್ಳಲ್ಲ, ನಾನು ಅವರನ್ನು ನಂಬಬಹುದು ಅಂದುಕೊಂಡದ್ದೂ ಸುಳ್ಳಲ್ಲ.

ನಿನ್ನೆ ಇವರನ್ನು ಬೇಡಿಕೊಂಡೆ, ಮಗುವನ್ನು ಎಲ್ಲಿ ಇಟ್ಟಿರಿ, ತೋರಿಸಿ ಎಂದು. ಹಿರೇನಲ್ಲೂರಿನ ಹತ್ತಿರ ಇವರದೊಂದು ಹೊಲವಿದೆ. ಅಲ್ಲಿಗೆ ಸ್ಕೂಟರಿನಲ್ಲಿ ಕರೆದುಕೊಂಡು ಹೋದರು. ಬದುವಿನ ಪಕ್ಕ ಸ್ವಲ್ಪ ಜಾಗ, ಮೇಲೆ ಎರಡು ಚಪ್ಪಡಿ. ಸುತ್ತ ರಾಗಿ ಪೈರು ಎದ್ದಿತ್ತು. ಇವರು ಚಪ್ಪಲಿ ಬಿಟ್ಟು ನಿಂತರು. ನಾನು ಕೂತು ಕಲ್ಲಿನ ಮೇಲೆ ಕೈ ಇಟ್ಟೆ. ಬಿಸಿಲಿಗೆ ಕಾದಿತ್ತು.

“ಹೆಣ್ ಮಗು” ಎಂದರು ಇವರು. ಆ ದಿನದಿಂದ ಮೊದಲ ಸಲ ಇವರ ದನಿ ಒಡೆದದ್ದು ಆಗಲೇ. “ನಿಮ್ಮಮ್ಮಂಗೂ ತೋರಿಸಿದ್ವಿ. ಅವರೇ ಬಟ್ಟೆ ಸುತ್ತಿದ್ದು.”

ನೀನು ನೋಡಿದ್ದೆ. ನಿನ್ನ ಕೈಯಾರೆ ಬಟ್ಟೆ ಸುತ್ತಿದ್ದೆ. ಆಮೇಲೆ ಮನೆಗೆ ಹೋಗಿ, ಪೆನ್ನು ಹಿಡಿದು, ನಾನು ನೋಡಲೂ ಇಲ್ಲ ಎಂದು ಬರೆದೆ. ನನ್ನ ನೋವು ಕಡಿಮೆಯಾಗಲಿ ಎಂದೇ ಬರೆದಿರಬೇಕು. ನೀನು ಯಾವತ್ತೂ ನನ್ನ ಒಳ್ಳೆಯದಕ್ಕೇ ಅಲ್ಲವಾ ಹೇಳಿದ್ದು.

ನಿನ್ನನ್ನು ದ್ವೇಷಿಸಲು ಪ್ರಯತ್ನಪಟ್ಟೆ. ಆಗಲಿಲ್ಲ. ಆದರೆ ನಿನ್ನ ಕಾಗದ ಬಂದರೆ ಯಾವ ಸಾಲನ್ನು ನಂಬಬೇಕೋ ನನಗೆ ತಿಳಿಯುವುದಿಲ್ಲ. ಇವರಿಗೆ ನಾನು ಹೇಗೋ, ನನಗೆ ನೀನು ಹಾಗಾಗಿದ್ದೀಯ.

ಒಂದೇ ಒಂದು ಕೇಳುತ್ತೇನೆ. ನಿನ್ನ ದೊಡ್ಡ ಮಗಳಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ ಇದೆ. ಇದನ್ನು ಯಾರಾದರೂ ಒಬ್ಬರಿಗೆ, ಹೇಮಾಳನ್ನು ನೋಡಲು ಬಂದವರಿಗೇ ಆಗಲಿ, ಪಕ್ಕದ ಮನೆಯವರಿಗೇ ಆಗಲಿ, ಅವರು ಕೇಳದೆ ಇದ್ದರೂ, ನಿನ್ನ ಬಾಯಿಂದ ಹೇಳು. ಹೇಳಿದ ದಿನ ನನಗೆ ಬರೆ. ಅಲ್ಲಿಯವರೆಗೆ ಬರೆಯಬೇಡ.

ಸ್ಫೂರ್ತಿ